ದಯೆಯೂ ನ್ಯಾಯವೂ



ಹರಳಯ್ಯನವರು ಒಮ್ಮೆ ಶರಣೆಂದರೆ ಬಸವಣ್ಣನವರು ಎರಡು ಸಲ ಶರಣೆಂದರು. ಹೆಚ್ಚಿನ ಆ ಒಂದು ಶರಣಿನ ಋಣವನ್ನು ತೀರಿಸಲು ಹರಳಯ್ಯ-ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಮಾಡಿ ತಂದರೆಂಬ ಕಥೆಯನ್ನು ಕೇಳಿ ಕಣ್ಣೀರಿಡದ ಭಕ್ತರಿಲ್ಲ.

ಆದರೆ ಒಂದು ಮಾತನ್ನು ವಿಚಾರಿಸಿರಿ. ಪ್ರೇಮವು ಪಾದರಕ್ಷೆಯ ರೂಪದಲ್ಲಿದ್ದಾಗ ಅರಸನು ಕೋಪಗೊಳ್ಳಲಿಲ್ಲ. ಬ್ರಾಹ್ಮಣಕುಲದಿಂದ ಬಂದ ಮಧುವರಸರು ಹರಳಯ್ಯನವರ ಮಗನಿಗೆ ತಮ್ಮ ಮಗಳನ್ನಿತ್ತು ಬೀಗರಾದಾಗ ಬಿಜ್ಜಳನು ಇಬ್ಬರಿಗೂ ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದನು. ಕೆಳಗೆ ಕುಳಿತು ಪಾದಸೇವೆ ಮಾಡಿದರೆ ಲೋಕವು ಭಕ್ತಿಯೆಂದು ಹೊಗಳುವುದು. ಪಕ್ಕದಲ್ಲಿ ಸಮನಾಗಿ ಕುಳಿತರೆ ಅಪರಾಧವೆನ್ನುವುದು. ಸಮಾನಾಸನವನ್ನು ಕೊಡದ ದಯೆಯು ಭಿಕ್ಷೆಯೇ ಸರಿ.

ನ್ಯಾಯವೊಂದೇ ಸಾಕೆ? ನಮ್ಮ ಸಂವಿಧಾನದ 17ನೆಯ ವಿಧಿಯು 1950ರಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರ ಕಾಯಿದೆಯು ಅದನ್ನಾಚರಿಸುವವರಿಗೆ ದಂಡವನ್ನು ಗೊತ್ತುಪಡಿಸಿತು. ಕಾಯಿದೆಯು ಬಾವಿಗೆ ಅಡ್ಡನಿಂತ ಕೈಯನ್ನು ತಡೆಯಬಲ್ಲುದು. ಪಂಕ್ತಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವ ಮನಸ್ಸನ್ನು ಕೊಡಲಾರದು. ಅದು ಪ್ರೇಮದ ಕಾರ್ಯ.

ದಾಸೋಹದ ಪಂಕ್ತಿಯಲ್ಲಿ ಸಮತೆಯನ್ನು ಕೊಂಡಾಡುವ ನಾವು, ಮಗಳ ಸಂಬಂಧದ ಮಾತು ಬಂದೊಡನೆ ಒಳಪಂಗಡವನ್ನು ಕೇಳುತ್ತೇವಲ್ಲವೆ? ಮಧುವರಸರ ಅಂಗಳದಲ್ಲಿ ನಿಂತು ಆ ಪ್ರಶ್ನೆಯನ್ನು ಕೇಳುವ ಬಾಯಿ ನಮಗುಂಟೆ? ಇಂದು ಮನೆಗೆ ಹೋಗಿ ಯೋಚಿಸಿರಿ.