ಹೊಟ್ಟೆಯ ಸುಳ್ಳು

ಮಾನ್ವಿಯ ಜಗನ್ನಾಥದಾಸರು ಇನ್ನೂ ಶ್ರೀನಿವಾಸಾಚಾರ್ಯರೆಂಬ ಪಂಡಿತರಾಗಿದ್ದ ಕಾಲದಲ್ಲಿ, ಚೀಕಲಪರವಿಯ ವಿಜಯದಾಸರು ಪ್ರಸಾದಕ್ಕೆ ಕರೆದಾಗ, ವಿದ್ಯೆಯ ಬಿಗುಮಾನದಿಂದ ಹೊಟ್ಟೆಬೇನೆಯ ನೆಪವೊಡ್ಡಿ ತಪ್ಪಿಸಿಕೊಂಡರೆಂದೂ, ಆ ನೆಪವೇ ನಿಜವಾದ ಉದರವ್ಯಾಧಿಯಾಗಿ ಅವರನ್ನು ಕಾಡಿತೆಂದೂ, ಕಡೆಗೆ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಧಾರೆಯೆರೆದು ಉಳಿಸಿದರೆಂದೂ ದಾಸಪರಂಪರೆ ನಂಬಿದೆ. ಜನರು ಆ ದಾನದ ಅದ್ಭುತವನ್ನೇ ನೆನೆಯುವರು. ನನ್ನ ಮನಸ್ಸಾದರೋ ತನ್ನ ದೇಹದ ವಿಷಯದಲ್ಲಿ ಮನುಷ್ಯನಾಡಿದ ಆ ಸುಳ್ಳಿನ ಬಳಿಯೇ ನಿಲ್ಲುತ್ತದೆ.

ಏಕೆಂದರೆ ಇದೇ ಸೀಮೆಯಲ್ಲಿ ಇಂದೂ ಯಕೃತ್ತಿನ ದೀರ್ಘವ್ಯಾಧಿಯವನು, ರಾಯಚೂರಿನ ಆಸ್ಪತ್ರೆಯ ಗುಳಿಗೆಗಳನ್ನು ನುಂಗುತ್ತಲೇ, ಬೆಳಗಿನ ಖಾಲಿ ಹೊಟ್ಟೆಗೆ ನೆಲನೆಲ್ಲಿಯನ್ನು ಬೇರುಸಹಿತ ಅರೆದು ಮಜ್ಜಿಗೆಯಲ್ಲಿ ಕದಡಿ ಕುಡಿಯುತ್ತಾನೆ, “ಮತ್ತೇನರ ಔಷಧ ತಗೋತೀರೇನು?” ಎಂದು ವೈದ್ಯರು ಕೇಳಿದರೆ ಇಲ್ಲವೆನ್ನುತ್ತಾನೆ. ಬೈದಾರೆಂಬ ಅಂಜಿಕೆ ಒಂದು. ದೇವರು ಬೆಳೆಸಿದ ಗಿಡ ಕೇಡು ಮಾಡಲಾರದೆಂಬ ಶ್ರದ್ಧೆ ಮತ್ತೊಂದು.

ಈ ಶ್ರದ್ಧೆ ದಾಸರು ನೆಚ್ಚಿದ ಮಧ್ವಮತಕ್ಕೆ ಒಪ್ಪುವಂಥದಲ್ಲ. ಆ ಮತ ಹೇಳುವ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದಾಗಿರಲು, ಸೃಷ್ಟಿಕರ್ತನೊಬ್ಬನೇ ಆದ ಮಾತ್ರಕ್ಕೆ ವಸ್ತುಗಳೆಲ್ಲ ಒಂದೇ ಗುಣದವಾಗವು; ಒಂದೊಂದಕ್ಕೂ ಅವನಿತ್ತ ಸ್ವಭಾವ ಬೇರೆ, ಮತ್ತು ಆ ಸ್ವಭಾವವನ್ನರಿತು ನಡೆಯುವುದೂ ಅವನ ಸೇವೆಯೇ. ಯಕೃತ್ತು ಕೆಟ್ಟು ಜಲೋದರವಾದ ರೋಗಿಗೆ ನೀರಿಳಿಯಲೆಂದು ಗುಳಿಗೆ ಕೊಟ್ಟಿರುವಾಗ, ಅವನು ಮನೆಯಲ್ಲಿ ಕುಡಿಯುವ ಕಷಾಯದೊಳಗಿನ ಜೇಷ್ಠಮಧು ಉಪ್ಪನ್ನೂ ನೀರನ್ನೂ ಮೈಯಲ್ಲೇ ಹಿಡಿದಿಟ್ಟು, ಪೊಟ್ಯಾಸಿಯಮ್ಮನ್ನು ಹೊರಹಾಕುತ್ತದೆ. ಹಿಪ್ಪಲಿ, ಕರಿಮೆಣಸುಗಳಲ್ಲಿರುವ ಪೈಪರಿನ್ ಔಷಧಗಳನ್ನು ಒಡೆಯುವ ಯಕೃತ್ತಿನ ಕಿಣ್ವಗಳನ್ನು ತಡೆಯುತ್ತದೆ. ಯಕೃತ್ತಿಗೆ ಹೋಗುವ ರಕ್ತನಾಳದ ಒತ್ತಡವನ್ನು ತಗ್ಗಿಸಿ ರಕ್ತವಾಂತಿಯಾಗದಂತೆ ಕೊಡುವ ಪ್ರೊಪ್ರನೊಲಾಲ್, ಪೈಪರಿನ್ನಿನೊಡನೆ ಸೇರಿದಾಗ ರಕ್ತದಲ್ಲಿ ಅಳತೆಮೀರಿ ಏರಬಹುದು. ಸಾರಿನ ಮೆಣಸಿಗೆ ಹೆದರಬೇಕಾಗಿಲ್ಲ. ಚೂರ್ಣವಾಗಿ ನಿತ್ಯ ಸೇವಿಸುವ ಮಾತು ಬೇರೆ. ಮೊದಲೇ ಬಳಲಿದ ಯಕೃತ್ತಿನಲ್ಲಿ ಮದ್ದು ಕರಗುವುದೇ ನಿಧಾನವಾದ್ದರಿಂದ, ಗಟ್ಟಿಮುಟ್ಟಾದವನು ತಾಳಿಕೊಳ್ಳುವುದನ್ನು ಇವನು ತಾಳಲಾರನು.

ಆದರೂ ಈ ಸುಳ್ಳಿನ ಭಾರವನ್ನೆಲ್ಲ ರೋಗಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಮಾನ್ವಿಯ ಕಥೆಯಲ್ಲಿ ಸುಳ್ಳನ್ನು ಹುಟ್ಟಿಸಿದ್ದು ವಿದ್ವಾಂಸನ ಬಿಗುಮಾನ. ಇಂದು ಆಸ್ಪತ್ರೆಯಲ್ಲಿ ಅದನ್ನು ಹುಟ್ಟಿಸುವುದೂ ಎಷ್ಟೋ ವೇಳೆ ಅದೇ, ವಿದ್ವಾಂಸನು ಮಾತ್ರ ಮೇಜಿನ ಆ ಬದಿಗೆ ಕುಳಿತಿದ್ದಾನೆ. ಮನೆಮದ್ದನ್ನು ಯಾರು ಕೊಟ್ಟರು, ಯಾವ ಹೊತ್ತಿಗೆ, ಯಾವುದರಲ್ಲಿ ಕಲಸಿ ಎಂದು ಸಮಾಧಾನದಿಂದ ಕೇಳಿ, ಗುಳಿಗೆಗಳ ಜತೆಗೇ ಅದನ್ನೂ ಬರೆದುಕೊಳ್ಳುವ ವೈದ್ಯರು, ಜೇಷ್ಠಮಧುವನ್ನು ಬಿಡಿಸಬಲ್ಲರು, ಮಜ್ಜಿಗೆಗೆ ಉಪ್ಪು ಹಾಕಬೇಡಿರೆಂದೂ ಹೇಳಬಲ್ಲರು.