ಹನ್ನೆರಡು ವರ್ಷ ಕೂತರೆ ಪಾಪ ಕಳೆಯುತ್ತದೆಯೇ?

ಗುರುಗ್ರಾಮದ ಪೊಲೀಸರು ಒಂದು ತುಂಡು ಜಾಗ ತಮ್ಮದೆಂದು ಕೋರ್ಟಿಗೆ ಹೋದರು. ಕ್ರಯಪತ್ರ ಅವರ ಕೈಯಲ್ಲಿರಲಿಲ್ಲ. ಬಹಳ ವರ್ಷಗಳಿಂದ ನಾವೇ ಇಲ್ಲಿದ್ದೇವೆ, ಮಾಲೀಕರು ಬಿಡಿಸಿಕೊಳ್ಳಲಿಲ್ಲ, ಆದ್ದರಿಂದ ಜಾಗ ನಮಗೇ ಬರಬೇಕು ಎಂಬುದಷ್ಟೇ ಅವರ ವಾದ. ಕಳ್ಳರನ್ನು ಹಿಡಿಯಬೇಕಾದ ಇಲಾಖೆ ಒತ್ತುವರಿದಾರನ ಮಾತನ್ನೇ ಆಡುತ್ತಾ ಕೆಳಗಿನ ಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೂ ಸೋಲುತ್ತಲೇ ಹೋಯಿತು. 2011ರಲ್ಲಿ ಸುಪ್ರೀಂ ಕೋರ್ಟು ಹರಿಯಾಣ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡು ಮೇಲ್ಮನವಿಯನ್ನು ವಜಾ ಮಾಡಿತು.

ಆದರೆ ಆ ವಾದವನ್ನು ಪೊಲೀಸರು ಹುಟ್ಟುಹಾಕಿದ್ದಲ್ಲ. 1963ರ ಕಾಲಮಿತಿ ಕಾಯ್ದೆಯಲ್ಲೇ ಅದಕ್ಕೆ ದಾರಿಯಿದೆ. ಖಾಸಗಿ ಆಸ್ತಿಯಲ್ಲಿ ಒಬ್ಬ ಬಹಿರಂಗವಾಗಿ, ಎಡೆಬಿಡದೆ, ಮಾಲೀಕನ ಹಕ್ಕಿಗೆ ವಿರುದ್ಧವಾಗಿ 12 ವರ್ಷ ಇದ್ದುಬಿಟ್ಟರೆ ಮಾಲೀಕ ಆಮೇಲೆ ದಾವಾ ಹೂಡುವಂತಿಲ್ಲ. ಸರ್ಕಾರಿ ಜಾಗವಾದರೆ 30 ವರ್ಷ. ಕಾಯ್ದೆ ಅಲ್ಲಿಗೇ ನಿಲ್ಲುವುದಿಲ್ಲ. ಅವಧಿ ಮುಗಿದರೆ ದಾವಾದ ಜೊತೆಗೆ ಮಾಲೀಕತ್ವವೇ ನಂದಿಹೋಗುತ್ತದೆ ಎನ್ನುತ್ತದೆ 27ನೇ ಸೆಕ್ಷನ್. ಕೋರ್ಟಿನ ಭಾಷೆಯಲ್ಲಿ ಇದು ಪ್ರತಿಕೂಲ ಸ್ವಾಧೀನ, ವಕೀಲರ ಬಾಯಲ್ಲಿ ಅಡ್ವರ್ಸ್ ಪೊಸೆಷನ್.

ಇದರಲ್ಲೊಂದು ವಿಚಿತ್ರವಿದೆ. ಮಾಲೀಕನ ಒಪ್ಪಿಗೆಯಿಂದ ಬಂದವನಿಗೆ ಈ ಲಾಭ ಇಲ್ಲ. ತಿಂಗಳು ತಿಂಗಳು ಬಾಡಿಗೆ ಕೊಟ್ಟು ಐವತ್ತು ವರ್ಷ ಬಾಳಿದವನು ಬಾಡಿಗೆದಾರನಾಗಿಯೇ ಉಳಿಯುತ್ತಾನೆ. ಗೋವಾದ ಮನೆಯೊಂದರ ವ್ಯಾಜ್ಯದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದಂತೆ, ಕಾವಲಿನವನೋ ಆಳೋ ಎಷ್ಟು ವರ್ಷ ಮನೆಯಲ್ಲಿದ್ದರೂ ಆಸ್ತಿಯಲ್ಲಿ ಅವನಿಗೆ ಹಕ್ಕು ಹುಟ್ಟುವುದಿಲ್ಲ. ಹಕ್ಕು ಹುಟ್ಟುವುದು ‘ಇದು ನನ್ನದೇ, ನೀನ್ಯಾರು ಕೇಳೋಕೆ’ ಎಂದು ಎದೆಯುಬ್ಬಿಸಿ ಕೂತವನಿಗೆ. ನಿಯತ್ತಿಗೆ ನಷ್ಟ, ದಬ್ಬಾಳಿಕೆಗೆ ಲಾಭ. ಹಾಗಾದರೆ ಕಾಲ ಕಳೆದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುತ್ತದೆಯೇ? ಕಾನೂನಿಗಿಂತ ಮೊದಲೇ ಧರ್ಮಶಾಸ್ತ್ರಗಳು ಈ ಪ್ರಶ್ನೆಯ ಜೊತೆ ಗುದ್ದಾಡಿವೆ.

ಗುದ್ದಾಟದ ಒಂದು ದೊಡ್ಡ ಅಧ್ಯಾಯ ನಡೆದದ್ದು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಅದು ಕಲ್ಯಾಣದ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಸ್ಮೃತಿಯ ಮಾತು ಇಂದಿನ ಕಾಯ್ದೆಯನ್ನೇ ಹೋಲುತ್ತದೆ. ಬೇರೆಯವರು ತನ್ನ ಭೂಮಿ ಉಣ್ಣುತ್ತಿರುವುದನ್ನು ಕಣ್ಣಾರೆ ಕಂಡೂ ಬಾಯಿಬಿಡದೆ 20 ವರ್ಷ ಸುಮ್ಮನಿದ್ದವನಿಗೆ ಭೂಮಿಯ ಹಾನಿ, ಇತರ ಧನವಾದರೆ 10 ವರ್ಷಕ್ಕೇ ಹಾನಿ. ಅಡವು, ಗಡಿ, ಇಟ್ಟುಕೊಳ್ಳಲು ಕೊಟ್ಟ ಒಡವೆ, ಮಕ್ಕಳ ಸ್ವತ್ತು, ಬುದ್ಧಿಮಾಂದ್ಯರ ಸ್ವತ್ತು, ಹೆಂಗಸರ ಸ್ವತ್ತು ಇವಕ್ಕೆಲ್ಲ ಆ ನಿಯಮದಿಂದ ವಿನಾಯಿತಿ.

ವಿಜ್ಞಾನೇಶ್ವರ ತಕರಾರು ತೆಗೆಯುವುದು ‘ಹಾನಿ’ ಎಂಬಲ್ಲಿ. ಹಾನಿಯೆಂದರೆ ಏನು ಹೋಯಿತು? ನೆಲವೇ? ಅಲ್ಲ ಎನ್ನುತ್ತಾನೆ ಅವನು, ಹೋದದ್ದು ಆ ನೆಲದ ಫಲ. ಕಣ್ಣೆದುರು ಬೆಳೆ ಕೊಯ್ಯುವುದನ್ನು ನೋಡಿಯೂ ತೆಪ್ಪಗಿದ್ದವನು ಆ ಬೆಳೆಯನ್ನು ವಾಪಸು ಕೇಳಲಾರ. ಸುಮ್ಮನಿದ್ದ ತಪ್ಪಿಗೆ ಅಷ್ಟು ದಂಡ ಸಾಕು, ಒಡೆತನ ಮಾತ್ರ ಮೌನದಿಂದ ಸಾಯುವುದಿಲ್ಲ. ಮೂಲವಿಲ್ಲದೆ ಅನುಭವಿಸುವವನು ನೂರಾರು ವರ್ಷ ಅನುಭವಿಸಿದರೂ ರಾಜ ಅವನಿಗೆ ಕಳ್ಳನ ಶಿಕ್ಷೆಯನ್ನೇ ಕೊಡಬೇಕೆಂಬ ನಾರದನ ಮಾತನ್ನೂ ಅವನು ಬೆಂಬಲಕ್ಕೆ ತರುತ್ತಾನೆ. ಮನುಷ್ಯರ ನೆನಪಿಗೂ ನಿಲುಕದಷ್ಟು ಹಳೆಯ ಅನುಭವದ ಮಾತು ಬೇರೆ. ಅಲ್ಲಿ ಸಾಕ್ಷಿಯೇ ಉಳಿದಿರುವುದಿಲ್ಲ, ಅನುಭವವನ್ನೇ ಸಾಕ್ಷಿಯೆಂದು ಹಿಡಿಯಬೇಕು. ಒಂಬೈನೂರು ವರ್ಷದ ಹಿಂದಿನ ಈ ವಿಂಗಡಣೆ 1963ರ ಕಾಯ್ದೆಗಿಂತ ಸೂಕ್ಷ್ಮವಾಗಿದೆ ಎಂದರೆ ಅದು ಊರಿನ ಅಭಿಮಾನದ ಮಾತಾಗಲಾರದು.

ಬೇರೆ ಧರ್ಮಗಳೂ ಹೆಚ್ಚುಕಡಿಮೆ ಇಲ್ಲಿಗೇ ಬಂದು ನಿಂತಿವೆ. ಯಹೂದಿಗಳ ಮಿಶ್ನಾದಲ್ಲಿ ಮನೆ ಹೊಲಗಳಿಗೆ ಮೂರು ವರ್ಷದ ಅನುಭವ ಸಾಕು, ಆದರೆ ಇದ್ದವನು ‘ಕೊಂಡಿದ್ದೆ’ ಎಂದೋ ‘ದಾನ ಬಂತು’ ಎಂದೋ ಮೂಲ ಹೇಳಬೇಕು. ಯಾರೂ ನನ್ನನ್ನು ಕೇಳಲಿಲ್ಲ ಎಂಬ ಉತ್ತರ ನಡೆಯದು. ಆಟೋಮನ್ ಸಾಮ್ರಾಜ್ಯ ಇಸ್ಲಾಮೀ ನ್ಯಾಯದಿಂದ ಹೆಣೆದ ‘ಮಜಲ್ಲಾ’ ಸಂಹಿತೆ ಹಳೆಯ ದಾವಾಗಳಿಗೆ ಕೋರ್ಟಿನ ಬಾಗಿಲು ಮುಚ್ಚಿತು, ಹಕ್ಕು ಮಾತ್ರ ಕಾಲದಿಂದ ಅಳಿಯದು ಎಂದಿತು. ಪ್ರತಿವಾದಿ ನ್ಯಾಯಾಧೀಶರ ಮುಂದೆ ಸತ್ಯ ಒಪ್ಪಿಕೊಂಡುಬಿಟ್ಟರೆ ಎಷ್ಟು ವರ್ಷ ಕಳೆದಿದ್ದರೂ ಲೆಕ್ಕಕ್ಕಿಲ್ಲ. ಕ್ಯಾಥೊಲಿಕ್ ಚರ್ಚು ಇನ್ನೂ ಬಿಗಿ. ರೋಮನ್ ಕಾನೂನಿನಲ್ಲಿ ಸ್ವಾಧೀನಕ್ಕೆ ಬರುವಾಗ ಮನಸ್ಸು ಶುದ್ಧವಿದ್ದರೆ ಸಾಕಿತ್ತು. 1215ರ ನಾಲ್ಕನೆಯ ಲ್ಯಾಟರನ್ ಸಭೆ ಅವಧಿಯುದ್ದಕ್ಕೂ ಶುದ್ಧವಿರಬೇಕೆಂದು ವಿಧಿಸಿತು. ನಡುವೆ ‘ಇದು ಪರರದು’ ಎಂದು ತಿಳಿದ ಕ್ಷಣಕ್ಕೆ ಎಣಿಕೆ ನಿಂತಿತು.

ಎದುರು ಮಾತು ಬೈಬಲ್ಲಿನಲ್ಲೇ ಇದೆ. ಅಮ್ಮೋನಿಯರ ರಾಜ ನೆಲ ವಾಪಸು ಕೇಳಿದಾಗ ಇಸ್ರೇಲರ ನಾಯಕ ಯೆಫ್ತಾಹ ಬೇರೆ ಕಾರಣಗಳ ಜೊತೆಗೆ ಇದನ್ನೂ ಕೇಳುತ್ತಾನೆ: ನಾವಿಲ್ಲಿ ಮುನ್ನೂರು ವರ್ಷದಿಂದ ಇದ್ದೇವೆ, ಇಷ್ಟು ದಿನ ಏಕೆ ಬಿಡಿಸಿಕೊಳ್ಳಲಿಲ್ಲ? ಪ್ರಶ್ನೆಯನ್ನು ತಳ್ಳಿಹಾಕುವುದು ಕಷ್ಟ. ಸಾಕ್ಷಿಗಳು ಸಾಯುತ್ತಾರೆ, ಕಾಗದಕ್ಕೆ ಗೆದ್ದಲು ಹತ್ತುತ್ತದೆ, ಮೊಮ್ಮಕ್ಕಳು ಹುಟ್ಟಿದ ಮನೆಯನ್ನು ಮುತ್ತಜ್ಜನ ತಪ್ಪಿಗಾಗಿ ಕೀಳಲಾಗುವುದಿಲ್ಲ. ತುಂಬ ಕಾಲ ಕಣ್ಣೆದುರಿದ್ದದ್ದನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ ಎಂದು ಡೇವಿಡ್ ಹ್ಯೂಮ್ ಆಸ್ತಿಯ ಹಕ್ಕಿನ ಬೇರನ್ನೇ ರೂಢಿಯಲ್ಲಿ ಹುಡುಕಿದ.

ಕರ್ನಾಟಕದ ಬಗರ್‌ಹುಕುಂ ರೈತನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಸರ್ಕಾರಿ ನೆಲವನ್ನು ಹಸನು ಮಾಡಿ ಉತ್ತವನು ನಮೂನೆ 50, 53, 57 ಎಂದು ಅರ್ಜಿ ಹಾಕಿಕೊಂಡೇ ಬಂದಿದ್ದಾನೆ. ಅರ್ಜಿ ಹಾಕುವುದೆಂದರೆ ನೆಲ ಸರ್ಕಾರದ್ದೆಂದು ಒಪ್ಪಿದಂತೆ, ಪ್ರತಿಕೂಲ ಸ್ವಾಧೀನದ ವಾದ ಅಲ್ಲಿಗೆ ಸಡಿಲವಾಯಿತು. ಅವನ ಹಕ್ಕಿಗೆ ಆಧಾರ ಬೆವರು, ಹಗೆತನವಲ್ಲ. ಬೆಂಗಳೂರಿನ ಹೊರವಲಯದಲ್ಲಿ ವಿದೇಶದಲ್ಲಿರುವವರ ಸೈಟಿಗೆ ರಾತ್ರೋರಾತ್ರಿ ಶೆಡ್ಡು ಹಾಕಿ, ಕರೆಂಟು ಬಿಲ್ಲು ಕೂಡಿಡುವವನನ್ನೂ ಇವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

2011ರ ತೀರ್ಪು ಇದೇ ಜಾಡು ಹಿಡಿದಿತ್ತು. ದುರುದ್ದೇಶದ ಸ್ವಾಧೀನಕ್ಕೆ ಕೊಡುವ ರಕ್ಷಣೆಯನ್ನು ತೆಗೆದುಹಾಕಲು ಸಂಸತ್ತು ಯೋಚಿಸಲಿ, ಕಾಯ್ದೆ ಉಳಿಯಲೇಬೇಕಾದರೆ ಮಾಲೀಕನಿಗೆ ಮಾರುಕಟ್ಟೆ ದರದ ಪರಿಹಾರವಾದರೂ ಸಿಗಲಿ ಎಂದಿತು. ಪರಿಹಾರದ ಸಲಹೆಯನ್ನು ಕಂಡಿದ್ದರೆ ವಿಜ್ಞಾನೇಶ್ವರ ತಲೆದೂಗುತ್ತಿದ್ದನೇನೋ. ಆದರೆ 2023ರಲ್ಲಿ ಕಾನೂನು ಆಯೋಗ ತನ್ನ 280ನೇ ವರದಿಯಲ್ಲಿ ಬದಲಾವಣೆ ಬೇಡವೆಂದಿತು. ಪದನಿಮಿತ್ತ ಸದಸ್ಯರು ಈ ಕಾಯ್ದೆ ಸುಳ್ಳು ದಾವಾಗಳಿಗೆ ದಾರಿಯಾಗುತ್ತದೆಂದು ಅದೇ ವರದಿಯಲ್ಲಿ ಭಿನ್ನಮತ ದಾಖಲಿಸಿದರು.

ಇಷ್ಟೆಲ್ಲ ಓದಿ ರೋಸಿಹೋದ ಮಾಲೀಕ ನಾಲ್ಕು ಜನರನ್ನು ಕಟ್ಟಿಕೊಂಡು ಬೀಗ ಒಡೆದರೆ? ಕರ್ನಾಟಕದಿಂದ ಹೋದ ಜಮೀನು ವ್ಯಾಜ್ಯವೊಂದರಲ್ಲಿ 2003ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ. ನೆಲೆಯೂರಿದ ಸ್ವಾಧೀನ ಇರುವವನನ್ನು, ಅವನಿಗೆ ಹಕ್ಕು ಇಲ್ಲದಿದ್ದರೂ, ಮಾಲೀಕ ತೋಳ್ಬಲದಿಂದ ಹೊರಹಾಕುವಂತಿಲ್ಲ. ಹಾಗೆ ಹೊರಬಿದ್ದವನು ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಹಿಡಿದು ಆರು ತಿಂಗಳೊಳಗೆ ದಾವಾ ಹೂಡಿದರೆ, ಜಾಗ ಯಾರದೆಂದು ಕೋರ್ಟು ಕೇಳುವುದೇ ಇಲ್ಲ. ಸ್ವಾಧೀನ ಅವನಿಗೆ ಮರಳುತ್ತದೆ. ಆ ಆದೇಶದ ಮೇಲೆ ಮಾಲೀಕ ಅಪೀಲು ಹೋಗುವಂತಿಲ್ಲ. ಕ್ರಯಪತ್ರ, ಖಾತೆ, ಕಂದಾಯದ ರಸೀದಿಗಳನ್ನು ಜೋಡಿಸಿಕೊಂಡು ಹಕ್ಕಿನ ಬೇರೆ ದಾವಾ ಹೂಡಲು ಮಾತ್ರ ಅಡ್ಡಿಯಿಲ್ಲ.