ಫಲದ ಆಸೆಯೂ ಸ್ಲೈಡಿನ ಚೀಟಿಯೂ

ಫಲದ ಆಸೆ ಬಿಟ್ಟು ಕೆಲಸ ಮಾಡು ಎಂಬ ಗೀತೆಯ ಬೋಧೆ ನಮ್ಮ ಕಡೆ ಯಾರಿಗೂ ಹೊಸದಲ್ಲ. ಆದರೆ ಪಾರ್ಕಿನ್ಸನ್ ಕಾಯಿಲೆಯ ಮೇಲೆ ಪಿಎಚ್‌ಡಿ ಮಾಡಲು ಬಂದ ಹುಡುಗಿಯೊಬ್ಬಳಿಗೆ ಅದನ್ನು ಹೇಳಬಹುದೇ, ಹೇಳಿದರೆ ನ್ಯಾಯವೇ? ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಹುಡುಗ ಹುಡುಗಿಯರಿಗೆ ಕೆಲಸ ಕಲಿಸುತ್ತಲೇ ತಲೆ ನರೆತ ನನ್ನನ್ನು ಈ ಪ್ರಶ್ನೆ ಬಹಳ ಕಾಲದಿಂದ ಹಿಡಿದಿದೆ.

ಹೊಸಬರನ್ನು ನಾನು ಮೊದಲು ಮೈಕ್ರೋಸ್ಕೋಪಿನ ಮುಂದೆ ಕೂರಿಸುವುದಿಲ್ಲ, ಓಪಿಡಿಗೆ ಕಳಿಸುತ್ತೇನೆ. ಹೋದ ಮಳೆಗಾಲದಲ್ಲಿ ಸೇರಿದವಳ ಎದುರು ತಿಪಟೂರು ಕಡೆಯ ದರ್ಜಿಯೊಬ್ಬರು ಕೂತಿದ್ದರು. ಬೆರಳು ಬಿಗಿದು, ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಗಿ, ಅಂಗಡಿಯನ್ನು ಮಗನಿಗೆ ಬಿಟ್ಟವರು. ತೊಡೆಯ ಮೇಲಿಟ್ಟ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು. “ಏನವ್ವಾ, ನಿನ್ನ ಓದು ಮುಗಿಯೋ ಹೊತ್ತಿಗೆ ನನ್ನ ಕೈ ನಿಲ್ಲುತ್ತಾ?” ಎಂದು ಕೇಳಿದರು. ಅವಳು ತಲೆ ತಗ್ಗಿಸಿದಳು. ಹೊರಗೆ ಬಂದ ಮೇಲೆ, “ಏನು ಹೇಳಬೇಕಿತ್ತು ಮೇಡಂ?” ಎಂದಳು.

ನಿಲ್ಲುತ್ತದೆ ಎನ್ನುವ ಹಾಗಿಲ್ಲ. ಲೆವೊಡೋಪಾ ಮಾತ್ರೆ ಬಿಗಿತವನ್ನೂ ನಡುಕವನ್ನೂ ತಗ್ಗಿಸುತ್ತದೆ. ಮಿದುಳಿನೊಳಗೆ ಕೋಶಗಳು ಸಾಯುವುದನ್ನು ತಡೆಯುವ ಔಷಧಿ ಇವತ್ತಿಗೂ ಇಲ್ಲ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಆರು ಜನ ರೋಗಿಗಳನ್ನು ಕಂಡು ಈ ಕಾಯಿಲೆಯ ಬಗ್ಗೆ ಬರೆದದ್ದು 1817ರಲ್ಲಿ. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಿಂದ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಲೆವೊಡೋಪಾವನ್ನು ಬೇರ್ಪಡಿಸಿದ್ದು 1937ರಲ್ಲಿ. ವಿಯೆನ್ನಾದಲ್ಲಿ ಅದೇ ವಸ್ತುವನ್ನು ಪಾರ್ಕಿನ್ಸನ್ ರೋಗಿಗಳಿಗೆ ಚುಚ್ಚಿ ನೋಡಿದ್ದು 1961ರಲ್ಲಿ. ಬೀಜವನ್ನು ಅರೆದು ಸೋಸುತ್ತಿದ್ದ ಮದ್ರಾಸಿನ ಆ ಇಬ್ಬರಿಗೆ ತಮ್ಮ ಕೆಲಸದ ಫಲ ಯಾರ ಕೈ ಸೇರೀತೆಂದು ಹೇಗೆ ಗೊತ್ತಿರಬೇಕು?

ಹಾಗಾದರೆ ಫಲವನ್ನೇ ಮರೆತುಬಿಡು ಎನ್ನೋಣವೇ? ನನ್ನ ನಾಲಿಗೆಗೆ ಆ ಮಾತು ಬರುವುದಿಲ್ಲ. ಆ ದರ್ಜಿಯ ಕೈ ನಿಲ್ಲಬೇಕೆಂಬ ಆಸೆ ಅವಳಲ್ಲಿ ಉರಿಯಬೇಕು; ಅದಿಲ್ಲದವರು ಈ ಕೆಲಸಕ್ಕೆ ಬರಬಾರದು. ಬಿಡಬೇಕಾದದ್ದು ಇನ್ನೊಂದು ಆಸೆ, ನನ್ನ ಊಹೆಯೇ ಗೆಲ್ಲಬೇಕೆಂಬುದು. ಎರಡೂ ಒಂದೇ ಮುಖ ಹೊತ್ತು ಬರುತ್ತವೆ, ಅದೇ ಕಷ್ಟ.

ಈ ಕಾಯಿಲೆಯಲ್ಲಂತೂ ಆಸೆಯ ಕೈವಾಡ ಕಣ್ಣಿಗೇ ಕಾಣುತ್ತದೆ. ಔಷಧಿ ಸಿಗಬಹುದೆಂದು ನಂಬಿದ ರೋಗಿಗಳಿಗೆ ಔಷಧಿಯ ಅಂಶವೇ ಇಲ್ಲದ ಪ್ಲಾಸಿಬೋ ಕೊಟ್ಟಾಗಲೂ, ಈ ಕಾಯಿಲೆಯಲ್ಲಿ ಕಡಿಮೆಯಾಗುವ ಡೋಪಮೀನ್ ಮಿದುಳಿನಲ್ಲಿ ಬಿಡುಗಡೆಯಾಗುವುದನ್ನು 2001ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸ್ಕ್ಯಾನ್ ಮಾಡಿ ತೋರಿಸಿದರು. ಅದೇ ವರ್ಷ ಅಮೆರಿಕದಲ್ಲಿ ಭ್ರೂಣದ ಕೋಶಗಳನ್ನು ಮಿದುಳಿಗೆ ಕಸಿ ಮಾಡಿದ ಪ್ರಯೋಗವೊಂದರ ಫಲಿತಾಂಶ ಬಂತು. ಅದರಲ್ಲಿ 40 ರೋಗಿಗಳಿದ್ದರು. ಅರ್ಧ ಜನರಿಗೆ ತಲೆಬುರುಡೆಯಲ್ಲಿ ರಂಧ್ರ ಮಾತ್ರ ಕೊರೆದು, ಏನನ್ನೂ ಹಾಕದೆ ಮುಚ್ಚಿದ್ದರು. ವರ್ಷದ ಕೊನೆಗೆ ‘ನಿಮಗೆ ಹೇಗನ್ನಿಸುತ್ತಿದೆ’ ಎಂದು ಕೇಳಿದಾಗ ಎರಡು ಗುಂಪಿನ ಉತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕಸಿಯಾದವರಲ್ಲಿ ಕೆಲವರಿಗೆ ಮುಂದೆ ಹತೋಟಿಗೆ ಸಿಗದ ಚಲನೆಗಳು ಅಂಟಿಕೊಂಡವು. ನಂಬಿಕೆಯೇ ಡೋಪಮೀನ್ ಆಗಿ ಸುರಿಯುವ ಕಡೆ ನಿಷ್ಕಾಮ ಎಂಬುದು ಪುಣ್ಯದ ಬಾಬತ್ತಾಗಿ ಉಳಿಯುವುದಿಲ್ಲ. ಅದಿಲ್ಲದಿದ್ದರೆ ಸತ್ಯವೇ ಕೈಗೆ ಹತ್ತುವುದಿಲ್ಲ.

ಆದ್ದರಿಂದ ಅದನ್ನು ಉಪದೇಶದಿಂದ ಕಲಿಸಲಾಗದು, ಕೈಗೆ ರೂಢಿ ಮಾಡಿಸಬೇಕು. ಮನುಷ್ಯರ ನಡುಮಿದುಳನ್ನು ಅಡ್ಡಲಾಗಿ ಕೊಯ್ದರೆ ಎರಡೂ ಬದಿಗೆ ಕಾಡಿಗೆ ತೀಡಿದಂಥ ಕಪ್ಪು ಪಟ್ಟಿ ಕಾಣುತ್ತದೆ. ಪಾರ್ಕಿನ್ಸನ್ ಇದ್ದವರಲ್ಲಿ ಅದು ಮಾಸಿರುತ್ತದೆ. ಅಲ್ಲಿ, ಇಲ್ಲವೇ ಇಲಿಯ ಮಿದುಳಿನ ಅದೇ ಜಾಗದಲ್ಲಿ, ಉಳಿದಿರುವ ಕೋಶಗಳನ್ನು ಎಣಿಸುವುದೇ ನಮ್ಮ ಹುಡುಗರ ಮೊದಲ ಕೆಲಸ. ಪರದೆಯ ಮೇಲೊಂದು ಚೌಕ, ಅದಕ್ಕೆ ಎರಡು ಹಸಿರು ಗೆರೆ, ಎರಡು ಕೆಂಪು ಗೆರೆ. ಹಸಿರು ಗೆರೆ ಮುಟ್ಟಿದ ಕೋಶ ಲೆಕ್ಕಕ್ಕೆ ಸೇರುತ್ತದೆ, ಕೆಂಪು ಗೆರೆ ಮುಟ್ಟಿದ್ದು ಸೇರುವುದಿಲ್ಲ. ಕೆಂಪು ಗೆರೆಗೆ ಕೂದಲೆಳೆಯಷ್ಟು ಹತ್ತಿರ ಒಂದು ಕೋಶ ನಿಂತಿರುತ್ತದೆ. ಇದು ಔಷಧಿ ಕೊಟ್ಟ ಇಲಿಯ ಸ್ಲೈಡ್ ಎಂದು ಗೊತ್ತಿದ್ದರೆ ಎಂಥ ಪ್ರಾಮಾಣಿಕಳ ಬೆರಳೂ ಕ್ಲಿಕ್ ಮಾಡುವ ಕಡೆಗೇ ವಾಲುತ್ತದೆ. ಅದಕ್ಕೇ ಸ್ಲೈಡಿನ ಹೆಸರಿನ ಮೇಲೆ ನಂಬರಿನ ಚೀಟಿ ಅಂಟಿಸಿರುತ್ತೇವೆ. ಯಾವ ನಂಬರು ಯಾವುದೆಂಬ ಪಟ್ಟಿ ಬೇರೆ ವಿಭಾಗದ ಬೀರುವಿನಲ್ಲಿರುತ್ತದೆ, ಅದರ ಬೀಗದ ಕೈ ನನ್ನ ಹತ್ತಿರವೂ ಇರುವುದಿಲ್ಲ. ಕರ್ಮಯೋಗವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ದಾರಿ ನನಗೆ ಗೊತ್ತಿಲ್ಲ.

ಹೀಗೆ ಎಣಿಸಿದವರಿಗೆ ಪುಸ್ತಕದಲ್ಲಿಲ್ಲದ್ದು ಕಾಣುತ್ತದೆ. ವಯಸ್ಸಾದಂತೆ ಈ ಕಪ್ಪು ಕೋಶಗಳು ಕಡಿಮೆಯಾಗುತ್ತವೆ ಎಂಬುದು ಪಠ್ಯದ ಮಾತು. ನಿಮ್ಹಾನ್ಸ್‌ನವರು ಭಾರತೀಯರ ಆರೋಗ್ಯವಂತ ಮಿದುಳುಗಳಲ್ಲಿ ಎಣಿಸಿ 1998ರಲ್ಲಿ ಪ್ರಕಟಿಸಿದ್ದು ಬೇರೆಯೇ: ಕೋಶಗಳ ಸಂಖ್ಯೆ ಬ್ರಿಟಿಷರಿಗಿಂತ ಕಡಿಮೆ, ಆದರೆ ವಯಸ್ಸಿನೊಂದಿಗೆ ಇಳಿಕೆ ಇಲ್ಲ. ಹೆಸರುವಾಸಿ ಪುಸ್ತಕಕ್ಕೆ ಹೊಂದಿಸಿ ಬರೆದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಇಂಥದ್ದನ್ನು ಕಾಣಲು ಹಿರಿಯರೇ ಆಗಬೇಕಿಲ್ಲ: ಆ ಕಪ್ಪು ಪಟ್ಟಿಗೂ ಈ ಕಾಯಿಲೆಗೂ ನಂಟಿದೆಯೆಂದು 1919ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿಕೊಟ್ಟ ಟ್ರೆಟಿಯಾಕಾಫ್ ಕೂಡ ಆಗಿನ್ನೂ ಥೀಸಿಸ್ ಬರೆಯುತ್ತಿದ್ದ ಯುವಕ.

ನನಗೆ ಸಿಟ್ಟು ಬರುವುದು ಮುಂದಿನ ಮಾತಿಗೆ. ಫೆಲೋಶಿಪ್ಪಿನ ವರ್ಷಗಳು ಮುಗಿಯುತ್ತಾ ಬರುತ್ತವೆ, ಮನೆಯಲ್ಲಿ ಮದುವೆಯ ಮಾತು, ಸಾಲದ ಕಂತು. ಪೇಪರ್ ಇಲ್ಲದೆ ಪೋಸ್ಟ್‌ಡಾಕ್ ಇಲ್ಲ. ಅಂಥವರಿಗೆ ‘ಫಲದ ಆಸೆ ಬಿಡು’ ಎಂದು, ಫಲವನ್ನೆಲ್ಲ ತಾವು ಉಣ್ಣುವ ಗೈಡುಗಳಿದ್ದಾರೆ. ಗುರುವಿನ ಊಹೆ ಸುಳ್ಳೆಂದು ತೋರಿಸಿದ ತಪ್ಪಿಗೆ ಥೀಸಿಸ್ ಬೀರುವಿನಲ್ಲೇ ಕೊಳೆತ ಹುಡುಗನನ್ನು ನಾನು ಬಲ್ಲೆ. ತ್ಯಾಗವನ್ನು ಕೈಲಾಗದವರ ತಲೆಗೆ ಕಟ್ಟುವುದು ಯಾವ ಧರ್ಮವೂ ಅಲ್ಲ. ಸಂಬಳವೂ ಹೆಸರೂ ಭದ್ರವಾಗಿರುವವರೇ ಮೊದಲು ಬಿಡಬೇಕು.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು: “‘ನಿಲ್ಲುತ್ತೋ ಇಲ್ಲವೋ ಗೊತ್ತಿಲ್ಲ ಯಜಮಾನರೇ, ನಾನು ಕಂಡದ್ದನ್ನು ಕಂಡ ಹಾಗೇ ಬರೀತೀನಿ’ ಅಂತ ಹೇಳಮ್ಮ.” ಮುಂದಿನ ವಾರ ಅವಳು ಅವರಿಗೆ ಹಾಗೇ ಹೇಳಿದಳು. ಅವರು ಒಪ್ಪಿದರು.

ಲ್ಯಾಬು ನಡೆಸುವ ಗೆಳೆಯರಲ್ಲಿ ನನ್ನ ಕೋರಿಕೆ ಒಂದೇ. ನಿಮ್ಮ ವಿದ್ಯಾರ್ಥಿಯ ಎಣಿಕೆ ನಿಮ್ಮ ಊಹೆಗೆ ತಿರುಗಿ ನಿಂತರೆ, ಇನ್ನೊಬ್ಬರಿಂದ ಮತ್ತೊಮ್ಮೆ ಎಣಿಕೆ ಮಾಡಿಸಿ. ಲೆಕ್ಕ ಸರಿಯಿದ್ದರೆ ಅದೇ ವರ್ಷ ಪ್ರಕಟಿಸಿ, ಮೊದಲ ಹೆಸರು ಆ ವಿದ್ಯಾರ್ಥಿಯದಿರಲಿ.